ಅಮ್ಮ ಒಳಗೆ ಕೂರಿಸಿದ್ದು ಯಾರನ್ನು

ನಮ್ಮ ಮನೆತನದ ಹೆಣ್ಣುಮಕ್ಕಳು ಚಿಕ್ಕಪೇಟೆ ಅಂಗಡಿಯ ಗಾದಿಯ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ಅದು ತಾತನ ಕಾಲದ ರೇಷ್ಮೆ ಸೀರೆಯ ಸಗಟು ಅಂಗಡಿ. ನೆಲದ ಮೇಲೆ ದಪ್ಪ ಗಾದಿ, ಅದಕ್ಕೆ ಬಿಳಿ ಬಟ್ಟೆ, ಒರಗಲು ದಿಂಬು. ಗಂಡಸರು ಅದರ ಮೇಲೆ ಚಕ್ಕಲಮಕ್ಕಲ ಹಾಕಿಕೊಂಡು ವ್ಯಾಪಾರ ಮಾಡುತ್ತಾರೆ. ಸಂಜೆ ಷಟರ್ ಅರ್ಧ ಎಳೆದು ಮನೆಯ ಪಂಚಾಯಿತಿಯನ್ನೂ ಅಲ್ಲೇ ಮಾಡುತ್ತಾರೆ. ಯಾರಿಗೆ ಎಲ್ಲಿಂದ ಹೆಣ್ಣು ತರುವುದು, ಯಾರು ಯಾರ ಜೊತೆ ಮಾತು ಬಿಡುವುದು, ಎಲ್ಲ ಅಲ್ಲೇ ತೀರ್ಮಾನವಾಗಬೇಕು. ಹೆಂಗಸರು ಹೋದರೆ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿದು ಎದ್ದು ಬರುವುದು. ನಾನು ಬ್ಯಾಂಕಿನಲ್ಲಿ ಆಫೀಸರಾಗಿದ್ದವಳು, ದೊಡ್ಡ ಮೇಜಿನ ಹಿಂದೆ ಕೂತು ನಾಲ್ಕು ಜನಕ್ಕೆ ಕೆಲಸ ಹೇಳುತ್ತಿದ್ದವಳು. ಅಂಗಡಿಯಲ್ಲಿ ಮಾತ್ರ ನನಗೂ ಸ್ಟೂಲೇ. ಗಾದಿಯ ಮೇಲೆ ಒಂದೇ ಒಂದು ಸಲ ಕೂತೆ, ಅಮ್ಮನನ್ನು ಮಣ್ಣು ಮಾಡಿ ಬಂದ ವಾರದಲ್ಲಿ. ಅದನ್ನು ಮರ್ಯಾದೆ ಅಂದುಕೊಂಡೆ.

ನಮ್ಮ ಅಮ್ಮನನ್ನು ಕೊಂದರು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ, ಹಾಡುಹಗಲು, ಅಣ್ಣನ ಮನೆಯವರೆಲ್ಲ ಮಲ್ಲೇಶ್ವರದ ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ. ಮಂಡಿ ನೋವು ಅಂತ ಅಮ್ಮ ಹೋಗಿರಲಿಲ್ಲ. ನನಗೆ ರಜೆ ಸಿಕ್ಕಿರಲಿಲ್ಲ. ಊಟದ ಡಬ್ಬಿ ತೆರೆಯುತ್ತಿದ್ದಾಗ ಅಮ್ಮನ ಫೋನು ಬಂತು.

“ಊಟ ಆಯ್ತೇನೆ?” ಅಂದಳು. ದಿನವೂ ಅದೇ ಮೊದಲ ಮಾತು.

“ಕೂತಿದೀನಿ. ನಿಂದಾಯ್ತಾ?”

“ಎಲ್ಲಿ? ನಿಮ್ಮತ್ತಿಗೆ ತಮ್ಮ ಬಂದ್ಬಿಟ್ಟಿದಾನೆ ಕಣೆ. ನಡುಮನೇಲಿ ಕೂರಿಸಿ ಮಜ್ಜಿಗೆ ಕೊಟ್ಟಿದೀನಿ. ಅತ್ತಿಗೆ ಹಳೇ ಸರ ತಗೊಂಡು ಬಾ ಅಂತ ಕಳಿಸಿದಾಳಂತೆ. ಅವಳಿಗೆ ಫೋನ್ ಮಾಡಿದ್ರೆ ಎತ್ತಲ್ಲ. ಕೊಡ್ಲಾ, ಬೇಡ್ವಾ?”

“ಛತ್ರದಲ್ಲಿ ವಾಲಗದ ಸದ್ದು, ಕೇಳಿಸಿರಲ್ಲ. ಸ್ವಲ್ಪ ತಡ್ಕೊ, ಇನ್ನೊಂದ್ಸಲ ಮಾಡು,” ಅಂದೆ. ಅಮ್ಮ ಹೂಂ ಅಂದು ಇಟ್ಟಳು. ಅವಳ ದನಿ ನಾನು ಕೇಳಿದ್ದು ಅದೇ ಕೊನೆ.

ಅತ್ತಿಗೆಯ ತಮ್ಮನ ಬಗ್ಗೆ ಒಂದಿಷ್ಟು ಹೇಳಬೇಕು. ತಲೆಗೆ ಜೆಲ್ಲು, ಬೆರಳಿಗೆ ಹವಳದ ಉಂಗುರ, ಕೆಲಸ ಮಾತ್ರ ಎಂದೂ ಇಲ್ಲ. ಕೇಳಿದರೆ ಬಿಸಿನೆಸ್ಸು ಅನ್ನುತ್ತಿದ್ದ. ಏನು ಬಿಸಿನೆಸ್ಸಪ್ಪ ಅಂದರೆ ನಗುತ್ತಿದ್ದ. ಅಮ್ಮನಿಗೆ ಅವನನ್ನು ಕಂಡರೆ ಪ್ರೀತಿ. ಬೀಗರ ಹುಡುಗ ಅಂತ ತುಪ್ಪ ಒಂದು ಚಮಚ ಜಾಸ್ತಿಯೇ ಬಡಿಸುತ್ತಿದ್ದಳು. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ಚಕ್ಕುಲಿ ತಿನ್ನುವಷ್ಟು ಸಲುಗೆ ಅವನಿಗಿತ್ತು.

ಇನ್ನೊಬ್ಬ ನಮ್ಮ ಅಂಗಡಿಯ ಲಗೇಜ್ ಆಟೋ ಓಡಿಸುತ್ತಿದ್ದವನು. ಕಾಟನ್‌ಪೇಟೆಯ ಓಣಿಯಲ್ಲಿ ಅವನ ಮನೆ. ಮಾತು ಕಡಿಮೆ. ಸೀರೆಯ ಗಂಟುಗಳನ್ನು ಇಳಿಸಿ, ಸಾಯಂಕಾಲ ಅಂಗಡಿಯ ಬೀಗದ ಕೈಯನ್ನು ಮನೆಗೆ ತಂದುಕೊಟ್ಟು ಹೋಗುವುದು ಅವನ ಕೆಲಸ. ನಮ್ಮ ಬೀದಿಯ ಯಾರದೋ ಮನೆಯ ಕ್ಯಾಮೆರಾದಲ್ಲಿ ಆ ಮಧ್ಯಾಹ್ನ ಅವನ ಆಟೋ ಕಾಣಿಸಿತು. ಹಿಡಿದ ಕೂಡಲೇ ಒಪ್ಪಿಕೊಂಡ, ಜೊತೆಗಿದ್ದವನ ಹೆಸರನ್ನೂ ಹೇಳಿದ. ಆ ಹೆಸರು ಕೇಳಿ ಅತ್ತಿಗೆ ಠಾಣೆಯಲ್ಲೇ ಕುಸಿದು ಕೂತಳು. ಸರದ ಆಸೆಗೆ ಇಬ್ಬರೂ ಒಬ್ಬನ ಹಿಂದೊಬ್ಬ ಒಳಹೊಕ್ಕದ್ದು, ಅಮ್ಮ ಕೂಗಿಕೊಂಡದ್ದು, ಬಾಯಿಗೆ ಟವಲು ಒತ್ತಿದ್ದು. ಒತ್ತಿದವನು ಆಟೋದವನೇ. ಅದನ್ನು ಅವನು ಒಂದು ದಿನವೂ ಇಲ್ಲ ಅನ್ನಲಿಲ್ಲ. ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಮಾಡಿದ್ದನ್ನು ನೋಡಿ ನಮ್ಮ ಬಂಧುಬಳಗದವರು ನನಗೆ ಕರುಳೇ ಇಲ್ಲ ಅಂದರು.

ಗಾದಿಗೆ ಬರುತ್ತೇನೆ. ಇಬ್ಬರೂ ಲಾಕಪ್ಪಿನಲ್ಲಿದ್ದ ವಾರ ಅದು. ಪೊಲೀಸರು ನನ್ನ ಹೇಳಿಕೆಗೆ ಬಂದಾಗ, ಅವಳಿಗೆ ಬಿ.ಪಿ. ಜಾಸ್ತಿಯಾಗಿ ಮಲಗಿದ್ದಾಳೆ ಅಂತ ಅಣ್ಣ ಬಾಗಿಲಲ್ಲೇ ಕಳಿಸಿದ್ದ. ಸುಳ್ಳೇನಲ್ಲ, ಮಲಗಿಯೇ ಇದ್ದೆ. ನಾಲ್ಕು ದಿನ ಬಿಟ್ಟು ಅಣ್ಣ ಕಾರು ಕಳಿಸಿ ಅಂಗಡಿಗೆ ಕರೆಸಿಕೊಂಡ. ಒಳಗೆ ದೊಡ್ಡಪ್ಪ, ಇಬ್ಬರು ಚಿಕ್ಕಪ್ಪಂದಿರು, ಅತ್ತಿಗೆಯ ತಂದೆ. ನಾನು ಅಭ್ಯಾಸದಂತೆ ಸ್ಟೂಲಿನ ಕಡೆ ಹೋದೆ.

“ಅಲ್ಲಲ್ಲ, ಇಲ್ಲಿ ಬಾ ಮಗಳೇ,” ಅಂದರು ದೊಡ್ಡಪ್ಪ. ಗಾದಿಯ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. “ನಿಮ್ಮಮ್ಮನ ಜೊತೆ ಕೊನೇಲಿ ಮಾತಾಡಿದವಳು ನೀನು. ಏನಂದ್ಳು ಅಂತ ಒಂದಕ್ಷರ ಬಿಡದೆ ಹೇಳು.”

ಹೇಳಿದೆ. ನಡುಮನೆ, ಮಜ್ಜಿಗೆ, ಸರ, ಎತ್ತದ ಫೋನು. ಅತ್ತಿಗೆಯ ತಂದೆ ತಲೆ ತಗ್ಗಿಸಿ ಕೂತಿದ್ದರು, ನನಗೆ ಅವರ ಮೇಲೆ ಕನಿಕರವೂ ಬಂತು. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ನನ್ನ ತಲೆ ಸವರಿ, “ನೀನು ಕೋರ್ಟು ಕಚೇರಿ ಅಂತ ಅಲೀಬೇಡಮ್ಮ. ಆ ಲಾಯರುಗಳು ಹೆಣ್ಣುಮಕ್ಕಳನ್ನ ಏನೇನೋ ಕೇಳ್ತಾರೆ. ನೀನು ಹೇಳಿದ್ದನ್ನ ನಿಮ್ಮಣ್ಣ ಹೇಳ್ತಾನೆ,” ಅಂದರು. ಅಣ್ಣ ಹಣೆಯ ವಿಭೂತಿ ಮುಟ್ಟಿಕೊಂಡು, “ಹೇಳ್ತೀನಿ ಕಣೆ,” ಅಂದ.

ಬೇರೆ ಮನೆಯವರಿಗೆ ಇದು ಹುಚ್ಚು ಅನ್ನಿಸಬಹುದು. ಫೋನು ಬಂದದ್ದು ನನಗೆ, ಅದನ್ನು ಅಣ್ಣ ಹೇಗೆ ಹೇಳುತ್ತಾನೆ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಅಪ್ಪ ಹೋದ ಮೇಲೆ ನನ್ನ ಪರವಾಗಿ ಎಲ್ಲ ಕಡೆ ಮಾತಾಡಿದವನು ಅಣ್ಣನೇ. ಕಾಲೇಜಿಗೆ ಸೇರಿಸಿದ್ದು, ಗಂಡಿನ ಮನೆಯವರ ಜೊತೆ ಮಾತಾಡಿದ್ದು, ನನ್ನ ಗಂಡ ತೀರಿಕೊಂಡಾಗ ಆಸ್ಪತ್ರೆಯಲ್ಲಿ ಓಡಾಡಿದ್ದು ಎಲ್ಲ ಅವನು. ಗಾದಿಯ ಮೇಲೆ ಕೊಟ್ಟ ಮಾತು ತಪ್ಪಿದವರನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಅಲ್ಲಿ ಹೇಳಿದರೆ ಕೋರ್ಟಿನಲ್ಲಿ ಹೇಳಿದ ಹಾಗೇ ಅಂತ ನಂಬಿದೆ. ಗಾದಿಯ ಮಾತು ಗಾದಿಯಿಂದ ಇಳಿಯುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ಆಮೇಲೆ ಅತ್ತಿಗೆಯ ತಮ್ಮ ಮಾಫಿ ಸಾಕ್ಷಿ ಆದ ಅಂತ ಸುದ್ದಿ ಬಂತು. ಅಪರಾಧದಲ್ಲಿ ಪಾಲಿದ್ದವನೇ ಉಳಿದವರ ವಿರುದ್ಧ ನಿಜ ಹೇಳುತ್ತೇನೆ ಅಂದರೆ ಕೋರ್ಟು ಅವನನ್ನು ಮಾಫಿ ಮಾಡುತ್ತದಂತೆ. ನಾನು ಅಣ್ಣನಿಗೆ ಫೋನ್ ಮಾಡಿ ಇದೇನು ಅಂದೆ.

“ನೋಡಿದವರು ಯಾರೂ ಇಲ್ಲ ಕಣೆ. ಇವನು ಬಾಯಿ ಬಿಡದಿದ್ರೆ ಕೇಸೇ ನಿಲ್ಲಲ್ಲ. ಲಾಯರ್ ಹೇಳಿದ್ದು. ನೀನು ತಲೆ ಕೆಡಿಸ್ಕೋಬೇಡ.”

“ನಂದು ಹೇಳಿದ್ಯಾ?”

“ಹೇಳ್ತೀನಿ ಅಂದೆ ತಾನೆ?”

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಮೇಲೆ ನನಗೆ ಬರುವ ಸಿಟ್ಟು ಇಷ್ಟಕ್ಕೇ. ಉಳಿದದ್ದೆಲ್ಲ ಅವರ ಪಾಲಿನದು.

ತೀರ್ಪಿನ ದಿನ ಬೇಡ ಬೇಡ ಅಂದರೂ ಹೋದೆ. ಅಪರಾಧ ಸಾಬೀತಾಗಿದೆ ಅಂತ ಮೊದಲೇ ಹೇಳಿಯಾಗಿತ್ತು, ಅಂದು ಶಿಕ್ಷೆಯದ್ದೊಂದೇ ಮಾತು. ಆಟೋದವನಿಗೆ ಕೋರ್ಟೇ ಕೊಟ್ಟಿದ್ದ ವಕೀಲರು ಎದ್ದು, ಬಡವ, ಇಬ್ಬರು ಮಕ್ಕಳಿದ್ದಾರೆ, ಕನಿಕರ ತೋರಿಸಬೇಕು ಅಂದು ಕೂತರು. ನನ್ನ ಬ್ಯಾಂಕಿನಲ್ಲಿ ಒಬ್ಬ ಪ್ಯೂನಿನ ಇನ್‌ಕ್ರಿಮೆಂಟ್ ತಡೆಯಬೇಕಾದರೂ ಇದಕ್ಕಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದೆವು. ನ್ಯಾಯಾಧೀಶರು ನಿನಗೇನು ಹೇಳುವುದಿದೆ ಅಂತ ಅವನನ್ನು ಕೇಳಿದರು. “ತಪ್ಪಾಯ್ತು ಸ್ವಾಮಿ,” ಅಂದ. ಹಿಂದಿನ ಬೆಂಚಿನ ಪಕ್ಕದಲ್ಲಿ ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಬೆಂಚಿನಲ್ಲಿ ಜಾಗವಿತ್ತು, ಆದರೂ ಕೂತಿರಲಿಲ್ಲ.

ಮಧ್ಯಾಹ್ನದ ಮೇಲೆ ನ್ಯಾಯಾಧೀಶರು ಕಾರಣಗಳನ್ನು ಓದಿದರು. ಮೃತಳು ಈ ಆರೋಪಿಯನ್ನು ಮನೆಯ ಒಳಗೆ ಕರೆದು, ಕೂರಿಸಿ, ಮಗನಂತೆ ಊಟ ಬಡಿಸುತ್ತಿದ್ದಳೆಂದು ಆಕೆಯ ಮಗ ಸಾಕ್ಷಿ ನುಡಿದಿದ್ದಾರೆ. ಬೇರೆ ಯಾರೂ ಜೊತೆಗಿಲ್ಲದೆ, ಆ ಸಲುಗೆಯಿಂದಲೇ ಒಬ್ಬನೇ ಒಳಗೆ ಹೋದವನು, ತನ್ನನ್ನು ನಂಬಿ ಅನ್ನ ಹಾಕಿದ ವೃದ್ಧೆಗೆ ಇಂಥ ದ್ರೋಹ ಬಗೆದಿದ್ದಾನೆ. ಮಾಫಿ ಸಾಕ್ಷಿ ಬೀದಿಯ ತುದಿಯಲ್ಲಿ ಸ್ಕೂಟರಿನ ಮೇಲೆ ಕಾಯುತ್ತಿದ್ದುದಾಗಿ ಹೇಳಿದ್ದಾನೆ. ಇದು ಅಪರೂಪದಲ್ಲಿ ಅಪರೂಪದ ಪ್ರಕರಣ. ಸಾಯುವವರೆಗೂ ನೇಣು.

ನನಗೆ ನೇಣು ಅನ್ನುವ ಮಾತು ಕೇಳಿಸಲೇ ಇಲ್ಲ. ಮಗನಂತೆ ಅನ್ನುವುದರ ಹತ್ತಿರವೇ ನಿಂತುಬಿಟ್ಟಿದ್ದೆ.

ಆಟೋದವನು ನಮ್ಮ ಮನೆಯ ಹೊಸಿಲು ದಾಟಿದವನೇ ಅಲ್ಲ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಶಿವನ ಮುಂದೆ ಎಲ್ಲರೂ ಒಂದೇ ಅಂತ ಅಮ್ಮ ದಿನಾ ಹೇಳುತ್ತಿದ್ದಳು, ಮನಸ್ಸಿನಿಂದಲೇ ಹೇಳುತ್ತಿದ್ದಳು. ಆದರೆ ಅವನಿಗೆ ಅಂತ ಒಂದು ಸ್ಟೀಲ್ ತಟ್ಟೆ ಜಗಲಿಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಅಮ್ಮ ಬಾಗಿಲ ಈಚೆ ನಿಂತು ಬಗ್ಗಿ ಬಡಿಸುತ್ತಿದ್ದಳು, ಅವನು ಜಗಲಿಯ ಮೇಲೆ ತಿಂದು, ಹೊರಗಿನ ನಲ್ಲಿಯಲ್ಲಿ ತಟ್ಟೆ ತೊಳೆದು, ಮತ್ತೆ ಗೂಡಿನಲ್ಲೇ ಇಡುತ್ತಿದ್ದ. ಒಮ್ಮೆ ನಾನು, ಇದೇನಮ್ಮ, ಈ ಕಾಲದಲ್ಲಿ, ಅಂದಿದ್ದೆ. “ಅವನೇ ಒಳಗೆ ಬರಲ್ಲ ಕಣೆ, ಅವನಿಗೆ ಸಂಕೋಚ,” ಅಂದಿದ್ದಳು. ಒಳಗೆ ಬಾ ಅಂತ ಕರೆದವರು ಯಾರು ಅಂತ ನಾನು ಕೇಳಲಿಲ್ಲ, ಅಮ್ಮನ ಜೊತೆ ಆ ಜಗಳ ಯಾರಿಗೆ ಬೇಕು. ಇದು ಅಣ್ಣನಿಗೆ ಗೊತ್ತಿರಲಿಲ್ಲವೇ? ಆ ತಟ್ಟೆ ತಂದುಕೊಟ್ಟವನೇ ಅವನು.

ಅಂದರೆ ನಡುಮನೆ, ಮಜ್ಜಿಗೆ, ಸಲುಗೆ ಎಲ್ಲವನ್ನೂ ನನ್ನ ಬಾಯಿಂದ ಕೇಳಿಸಿಕೊಂಡು, ಅತ್ತಿಗೆಯ ತಮ್ಮನ ಮೈಮೇಲಿಂದ ಬಿಚ್ಚಿ ಆಟೋದವನಿಗೆ ತೊಡಿಸಿದ್ದರು. ನಾನು ಹೇಳಿದ್ದು ಕೋರ್ಟಿಗೆ ಹೋಗಿತ್ತು, ಆದರೆ ಮನುಷ್ಯನನ್ನು ಬದಲಾಯಿಸಿಕೊಂಡು ಹೋಗಿತ್ತು. ಗಾದಿಯ ಮೇಲೆ ನನ್ನನ್ನು ಕೂರಿಸಿದ್ದು ನಾನೇನು ಬಲ್ಲೆ ಅಂತ ತಿಳಿದುಕೊಂಡು ನನ್ನ ಬಾಯಿಗೆ ಬೀಗ ಹಾಕುವುದಕ್ಕೆ. ತಲೆ ಸವರಿದ ಕೈ ನೆನಪಾಗಿ ಕೋರ್ಟಿನ ಮೆಟ್ಟಿಲ ಮೇಲೇ ಮೈಯೆಲ್ಲ ಉರಿದುಹೋಯಿತು.

ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ. ತಕ್ಕಡಿಗೆ ಹಾಕಿದ್ದನ್ನೇ ಅವರು ತೂಗಿದರು. ದ್ರೋಹಕ್ಕೆ ಹೆಚ್ಚು ಶಿಕ್ಷೆ ಅಂದರು, ಆ ಮಾತೂ ಸರಿಯೇ. ಆದರೆ ದ್ರೋಹ ಮಾಡಬೇಕಾದರೆ ಮೊದಲು ಯಾರಾದರೂ ನಂಬಿರಬೇಕು. ನಮ್ಮ ಮನೆಯಲ್ಲಿ ನಂಬಿ ಒಳಗೆ ಕೂರಿಸಿದವನು ಮಾಫಿ ಪಡೆದು ಹೊರಗೆ ಅಣ್ಣನ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದ. ಜಗಲಿ ದಾಟಿಸದವನನ್ನು ಪೊಲೀಸರು ವ್ಯಾನು ಹತ್ತಿಸುತ್ತಿದ್ದರು. ಚಿಕ್ಕವರಾಗಿದ್ದಾಗ ನಾನೂ ಅಣ್ಣನೂ ಕೊಬ್ಬರಿ ಸಕ್ಕರೆ ಕದ್ದು ಸಿಕ್ಕಿಬಿದ್ದರೆ, ಯಾರು ತೆಗೆದದ್ದು ಅಂತ ಅಮ್ಮ ಕೇಳುತ್ತಿರಲಿಲ್ಲ. ಮೊದಲು ಯಾರಿಗೆ ಹೊಳೆದದ್ದು ಅಂತ ಕೇಳುತ್ತಿದ್ದಳು. ಇಬ್ಬರಿಗೂ ಬೀಳುತ್ತಿತ್ತು, ಹೊಳೆದವನಿಗೆ ಒಂದೇಟು ಜಾಸ್ತಿ. ಸಾಮಾನ್ಯವಾಗಿ ಅದು ಅಣ್ಣನಿಗೇ.

ಆ ಕಾರಿನಲ್ಲಿ ನಾನು ಮನೆಗೆ ಬರಲಿಲ್ಲ. ಅಣ್ಣ ಹಿಂದೆಯೇ ಬಂದು, “ಶಿಕ್ಷೆ ಆಯ್ತಲ್ಲ, ಇನ್ನೇನು ಬೇಕು ನಿಂಗೆ?” ಅಂದ. ಮೆಟ್ರೋ ಹತ್ತಿ ಬಸವನಗುಡಿಗೆ ಬಂದು ಬಾಗಿಲು ಹಾಕಿಕೊಂಡೆ. ಅಮ್ಮ ಸತ್ತಾಗ ಅತ್ತದ್ದಕ್ಕಿಂತ ಅವತ್ತು ಜಾಸ್ತಿ ಅತ್ತೆ. ಅಮ್ಮನನ್ನು ಕಳೆದುಕೊಂಡಾಗ ಅಣ್ಣ ಇದ್ದಾನೆ ಅನ್ನುವುದಾದರೂ ಇತ್ತು.

ನೇಣಿನ ಶಿಕ್ಷೆಯನ್ನು ಕೆಳಗಿನ ಕೋರ್ಟು ಕೊಟ್ಟರೆ ಸಾಲದು, ಹೈಕೋರ್ಟು ಮತ್ತೆ ಪೂರ್ತಿ ನೋಡಿ ಒಪ್ಪಬೇಕು. ಇದು ನನಗೆ ತಿಳಿದದ್ದು ಒಬ್ಬ ವಕೀಲೆಯಿಂದ. ಆಟೋದವನ ಪರವಾಗಿ ಹೈಕೋರ್ಟಿನಲ್ಲಿ ನಿಂತವಳು, ನನಗೆ ಮಗಳಾಗುವ ವಯಸ್ಸು. ಗೇಟಿನ ಹೊರಗೇ ನಿಂತು, “ಆಂಟಿ, ನಾನು ಯಾರ ಕಡೆಯವಳು ಅಂತ ಮೊದಲೇ ಹೇಳ್ಬಿಡ್ತೀನಿ. ಬೇಡ ಅಂದ್ರೆ ಹೋಗ್ತೀನಿ,” ಅಂದಳು. ಆ ಒಂದು ಮಾತಿಗೇ ಒಳಗೆ ಕರೆದೆ. ವರ್ಷಗಳಿಂದ ನನ್ನ ಹತ್ತಿರ ಯಾರೂ ಏನನ್ನೂ ಮೊದಲೇ ಹೇಳಿರಲಿಲ್ಲ.

“ಅವನು ಎಲ್ಲ ಒಪ್ಕೋತಾನೆ ಆಂಟಿ. ಟವಲ್ ಒತ್ತಿದ್ದೂ ಒಪ್ಕೋತಾನೆ. ಒಂದು ಮಾತ್ರ ಪದೇ ಪದೇ ಹೇಳ್ತಾನೆ, ಆ ಮನೆ ಒಳಗಡೆ ಹೇಗಿದೆ ಅಂತ ನಾನು ನೋಡಿದ್ದೇ ಅವತ್ತು, ಬಾಗಿಲು ತೆಗೆದಿದ್ದು ಸಾಹುಕಾರ್ರ ಬಾಮೈದ ಅಂತ. ನಂಬೋರು ಯಾರೂ ಇಲ್ಲ. ನಿಮ್ಮನೆಯವರು ಯಾರಾದ್ರೂ ಹೇಳಬೇಕು.”

“ಹೇಳಿದ್ರೆ ಬಿಟ್ಬಿಡ್ತಾರಾ ಅವನನ್ನ?”

“ಇಲ್ಲ. ಬಿಡಲ್ಲ. ಬಿಡಿ ಅಂತ ನಾನೂ ಕೇಳ್ತಿಲ್ಲ. ನೇಣು ಹೋಗಿ ಜೀವಾವಧಿ ಆಗಬಹುದು. ಅದೂ ಗ್ಯಾರಂಟಿ ಇಲ್ಲ. ಹೊಸ ಸಾಕ್ಷಿ ತಗೋಬೇಕೋ ಬೇಡ್ವೋ ಅಂತ ಕೋರ್ಟೇ ತೀರ್ಮಾನ ಮಾಡುತ್ತೆ.”

ಅವನು ಜೀವ ಇರುವ ತನಕ ಒಳಗಿರಲಿ. ನಮ್ಮಮ್ಮನ ಉಸಿರು ನಿಲ್ಲಿಸಿದ ಕೈ ಅದು, ಅದು ಬೀದಿಯಲ್ಲಿ ತಿರುಗಾಡುವುದು ನನಗೆ ಬೇಡ. ಆದರೆ ಅವನು ಮಾಡಿದ್ದಕ್ಕೆ ಅವನಿಗೆ ಶಿಕ್ಷೆಯಾಗಬೇಕೇ ಹೊರತು ನಮ್ಮ ಮನೆಯವರು ಅವನ ಮೇಲೆ ಹೊರಿಸಿದ್ದಕ್ಕಲ್ಲ. ಇಬ್ಬರು ಕೂಡಿ ಮಾಡಿದ ಕೆಲಸದಲ್ಲಿ ಒಬ್ಬನಿಗೆ ಹಗ್ಗ, ಇನ್ನೊಬ್ಬನಿಗೆ ಅಕ್ಕನ ಮನೆಯ ಊಟ. ಇದನ್ನು ನ್ಯಾಯ ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಹೇಳಿಕೆ ಕೊಡುತ್ತೇನೆ ಅಂದೆ.

ಈಗ ಅದನ್ನು ಕೊಟ್ಟಾಗಿದೆ. ಹೈಕೋರ್ಟು ಇನ್ನೂ ತೀರ್ಮಾನ ಹೇಳಿಲ್ಲ, ಮುಂದಕ್ಕೆ ಹೋಗುತ್ತಲೇ ಇದೆ. ಚಾಮರಾಜಪೇಟೆಯಿಂದ ನನಗೆ ಹಬ್ಬಕ್ಕೆ ಕರೆಯುವುದು ನಿಂತಿದೆ. ದೊಡ್ಡಪ್ಪ ನನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾರಂತೆ. ಇರಲಿ, ಕಾಲಿಗೆ ವ್ಯಾಯಾಮ. ಆದರೆ ಹೇಳಿಕೆ ಕೊಡುವ ಹಿಂದಿನ ದಿನ ಸಂಜೆ ಅಣ್ಣ ಬಂದದ್ದನ್ನು ಹೇಳದೆ ಇದು ಮುಗಿಯುವುದಿಲ್ಲ. ಯಾರು ಹೋಗಿ ಹೇಳಿದರೋ, ಅವನಿಗೆ ಎಲ್ಲ ಗೊತ್ತಾಗಿತ್ತು.

ಬಂದವನು ಕಾಫಿ ಬೇಡ ಅಂದ. ಎಂದೂ ಬೇಡ ಅಂದವನಲ್ಲ. ಸಣ್ಣಗಾಗಿದ್ದ, ಶರಟು ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟು ಸಿಟ್ಟಿನಲ್ಲೂ ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ಅನ್ನಿಸಿತು ನನಗೆ.

“ನಿಮ್ಮತ್ತಿಗೆ ತವರಿಗೆ ಹೊರಟು ನಿಂತಿದಾಳೆ,” ಅಂದ. “ತಮ್ಮನ್ನ ನೇಣಿಗೆ ಕಳಿಸಿದ್ರೆ ನಾನೂ ಬಾವಿಗೆ ಬೀಳ್ತೀನಿ ಅಂತ ಆವತ್ತೇ ಹೇಳಿದ್ಳು. ಅಮ್ಮ ಅಂತೂ ಹೋಗ್ಬಿಟ್ಟಿದ್ರು. ಇದ್ದವರನ್ನ ಉಳಿಸ್ಕೊಂಡೆ. ತಪ್ಪಾ?”

“ಅವನನ್ನ ಉಳಿಸ್ಕೊ, ಬೇಡ ಅಂದೋರು ಯಾರು? ಅದಕ್ಕೆ ಇನ್ನೊಬ್ಬನ್ನ ಸಾಯಿಸ್ಬೇಕಿತ್ತಾ?”

“ಸಾಯಿಸ್ತಿರೋದು ನಾನಾ? ಅಮ್ಮನ್ನ ಕೊಂದವನು ಅವನು.”

“ಅಮ್ಮ ಅವನನ್ನ ಯಾವತ್ತು ಒಳಗೆ ಕೂರಿಸಿದ್ಳು ಹೇಳು. ಒಂದು ದಿನ ಹೇಳು ಸಾಕು.”

ಅವನು ಗೋಡೆ ನೋಡಿದ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

“ಲಾಯರ್ ಒಂದು ಮಾತು ಹೇಳಿದ್ರು,” ಅಂದ ಕೊನೆಗೆ. ದನಿ ತಗ್ಗಿತ್ತು. “ಅವನನ್ನ ಹೊರಗಿನವನು ಅಂದ್ರೆ ಜೀವಾವಧಿ ಅಷ್ಟೆ, ಮನೆಯವನ ಹಾಗೆ ಇಟ್ಕೊಂಡಿದ್ರಿ ಅಂದ್ರೆ ನೇಣು ಗಟ್ಟಿಯಾಗುತ್ತೆ ಅಂದ್ರು. ಹೇಗಿದ್ರೂ ಅವನು ಮಾಡಿದ್ದು ನಿಜ ತಾನೆ ಅಂತ ನಾನೂ ಹೇಳ್ದೆ. ಅವನು ಹೋದ್ರೆ ಇನ್ನು ಯಾರೂ ಈ ವಿಷಯ ಕೆದಕಲ್ಲ ಅನ್ನಿಸ್ತು.”

ಇಷ್ಟು ವರ್ಷ ನನ್ನ ಪರವಾಗಿ ಮಾತಾಡಿದ ಬಾಯಿ ಅದು. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಯಾರೋ ಹೊಸಬರ ಮುಖ ನೋಡಿದ ಹಾಗಿತ್ತು. ಅವನು ಹೆದರಿ ಸುಳ್ಳು ಹೇಳಿದ್ದಾನೆ, ಹೆಂಡತಿಯ ಕಾಟಕ್ಕೆ ಹೇಳಿದ್ದಾನೆ ಅಂತ ಒಳಗೊಳಗೇ ಅವನ ಪರವಾಗಿ ವಾದ ಮಾಡಿಕೊಂಡು ಬಂದಿದ್ದೆ. ಅದೂ ಮುಗಿಯಿತು.

ಅಣ್ಣ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. “ನೀನು ನಾಳೆ ಸಹಿ ಹಾಕಿದ್ರೆ ಕೋರ್ಟಲ್ಲಿ ಸುಳ್ಳು ಹೇಳಿದ್ದು ನಾನು ಅಂತಾಗುತ್ತೆ. ಈ ವಯಸ್ಸಲ್ಲಿ ನನ್ನನ್ನ ಜೈಲಿಗೆ ಕಳಿಸ್ತೀಯಾ? ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದವನನ್ನ?”

ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

“ಜೈಲಾದ್ರೆ ನೀನು ವಾಪಸ್ ಬರ್ತೀಯ ಅಣ್ಣ,” ಅಂದೆ. “ನಾನೇ ಬಂದು ಕರ್ಕೊಂಡು ಬರ್ತೀನಿ. ನೇಣಿಗೆ ಹಾಕಿದ್ಮೇಲೆ ಅವನನ್ನ ಯಾರು ಕರ್ಕೊಂಡು ಬರ್ತಾರೆ?”